ಕೆಂಪು ಗುಂಡು

ಮೊರದಲ್ಲಿ ಅಕ್ಕಿ ಹಾರಿ ಬೀಳುವ ಸದ್ದು ನಿಂತಿತು, ಅವ್ವ ಕಲ್ಲು ಆರಿಸುತ್ತಿದ್ದಾಳೆಂದು ಪತ್ರಿಕೆಯಿಂದ ತಲೆಯೆತ್ತದೆಯೇ ಗೊತ್ತಾಗುತ್ತದೆ, ಯುರೇನಿಯಂ ಎಂದು ಬರೆದಿದ್ದಾರೆ, ಎರಡು ಬಗೆ, ಗುಣ ಒಂದೇ, ತೂಕ ಮಾತ್ರ ಬೇರೆ, ಭಾರಿ ಅಯಸ್ಕಾಂತಗಳ ನಡುವೆ ಹಾಯಿಸಿ ಹಗುರವಾದದ್ದನ್ನು ಬೇರ್ಪಡಿಸಿ ಬಾಂಬಿಗೆ ತುಂಬಿದರಂತೆ — ಇದು ನನ್ನ ಪಾಠ, ಮಳವಳ್ಳಿಯ ಸ್ಕೂಲಿನಲ್ಲಿ ನಾನು ವರ್ಷವರ್ಷವೂ ಆಡಿಸಿದ ಆಟ, ಓರೆ ಹಲಗೆಯ ಮೇಲಿಂದ ಎರಡು ಗುಂಡು ಉರುಳಿಸಿ ಪಕ್ಕದ ಅಯಸ್ಕಾಂತದತ್ತ ಯಾವುದು ಬಾಗುತ್ತದೆಂದು ತೋರಿಸುವುದು, ಮೈಸೂರಿನ ಪ್ರೊಫೆಸರರ ಮೂಗುದನಿ ತೆಗೆದು, ಬಾಯ್ಸ್, ಭಾರದ್ದು ಬಾರದು, ಹಗುರದ್ದು ಬಾಗೀತು, ಹುಡುಗರು ಬೆಂಚು ಕುಟ್ಟಿ ನಗುತ್ತಿದ್ದರು, ಗುಂಡು ಮಾಡಿಕೊಟ್ಟವನು ತಮ್ಮ ಜವರಯ್ಯ, ಮದ್ದೂರಿನ ಅಕ್ಕಿ ಗಿರಣಿಯ ಮೆಕ್ಯಾನಿಕ್ಕು, ಒಂದು ಮರದ್ದು, ಒಂದು ಸೀಸದ್ದು, ಎರಡರ ಹೊಟ್ಟೆಯಲ್ಲೂ ಒಂದೇ ಅಳತೆಯ ಮೊಳೆ, ಎರಡಕ್ಕೂ ಒಂದೇ ಕೆಂಪು ಬಣ್ಣ, ಕಣ್ಣಲ್ಲಿ ನೋಡುದ್ರೆ ಗೊತ್ತಾಗ್ಬಾರ್ದು ಕಣಣ್ಣೋ ಅಂದಿದ್ದ, ಅಕ್ಕಿಯೊಳಗಿನ ಮೊಳೆ ಹಿಡಿಯುವ ಅಯಸ್ಕಾಂತವನ್ನು ಗಿರಣಿಯಿಂದ ಕೇಳಿ ತಂದವನೂ ಅವನೇ, ಆಮೇಲೆ ಬೊಂಬಾಯಿಗೆ ಹೋಗಿ ಹಡಗಿನ ಇಂಜಿನ್ನಿನ ಕೆಲಸಕ್ಕೆ ಸೇರಿದ, ಹಡಗು ಜಪಾನಿನವರ ಕೈಗೆ ಸಿಕ್ಕಿತು, ಎರಡು ವರ್ಷದ ಹಿಂದೆ ಒಂದು ಕಾರ್ಡು, ಜಪಾನಿನ ಕ್ಯಾಂಪಿನಲ್ಲಿ ಚೆನ್ನಾಗಿದ್ದೇನೆ, ಊರಿನ ಹೆಸರಿನ ಮೇಲೆ ಮಸಿ ಬಳಿದಿದ್ದರು, ಬಾಂಬು ಬಿದ್ದದ್ದು ಎರಡು ಊರಿಗೆ, ಯುದ್ಧ ಮುಗಿದು ತಿಂಗಳಾಯಿತು, ಮತ್ತೆ ಕಾರ್ಡಿಲ್ಲ.

ಏನ್ ಬರ್ದವ್ರೆ ಓದ್ಲಾ, ಎನ್ನುತ್ತಾಳೆ, ಸಕ್ಕರೆ ರೇಷನ್ನು ಕಣವ್ವ ಎಂದೆ, ಸುಳ್ಳೇಳ್ಬ್ಯಾಡ, ಬಸ್‌ಸ್ಟ್ಯಾಂಡಲ್ಲೆಲ್ಲ ಅದೇ ಮಾತು, ಅಯಸ್ಕಾಂತ ಮಡಗೇ ಬಾಂಬ್ ಮಾಡುದ್ರಂತೆ, ನೀನು ಅಲಗೆ ಮ್ಯಾಲೆ ಆಡುಸ್ತಿದ್ದೆಯಲ್ಲ, ಅದೇಯಾ — ಪತ್ರಿಕೆಯನ್ನು ಮಡಿಸಿ ತೊಡೆಯ ಕೆಳಗಿಟ್ಟೆ, ಅವಳು ಎದ್ದಳು, ಮೂಲೆಯಲ್ಲಿದ್ದ ನನ್ನ ಪಾಠದ ಹಲಗೆ ತಂದು ಒಂದು ತುದಿಯನ್ನು ಮಣೆಯ ಮೇಲಿಟ್ಟಳು, ಎಡಕ್ಕೆ ಅಯಸ್ಕಾಂತ, ಮೇಲ್ತುದಿಯಲ್ಲಿ ಒಂದು ಗುಂಡು, ಜಾರದಂತೆ ನನ್ನ ಬೆರಳನ್ನೆಳೆದು ಅದರ ಮೇಲೆ ಒತ್ತಿದಳು, ಗುಡಿಯಲ್ಲಿ ಅಮ್ಮನವರ ಹೂ ಬಲಕ್ಕೆ ಬೀಳಲೆಂದು ಕೂರುವ ಹಾಗೆಯೇ ಕೈಮುಗಿದು ಕೂತಿದ್ದಾಳೆ, ಅಗುರಾದ್ನೇ ಎಳ್ಕತದೆ ಅಂತಿದ್ದೆ, ನಮ್ ಜವರ ಸಣ್ಕಿದ್ದ ಕಣಪ್ಪ, ಎಳೀದಿದ್ರೆ ಬದುಕವ್ನೆ ಅನ್ಕತೀನಿ, ಬುಡು, ಯಾವ್ ಕಡೀಕ್ ಓಯ್ತದೋ ನೋಡವ — ಅವ್ವಾ, ಇದು ಹೂ ಅಲ್ಲ, ಮರ, ಸೀಸ, ಇದಕ್ಕೆ ಜವರ ಯಾರೆಂದು ಗೊತ್ತಿಲ್ಲ, ಎನ್ನಬೇಕು, ಭಾರದ್ದು ಬಾರದು, ಬೆಂಚು ಕುಟ್ಟಿ ಯಾರು ನಕ್ಕಿದ್ದು, ಯಾವುದನ್ನಿಟ್ಟಳೆಂದು ಅವಳ ಕೈಗೆ ಗೊತ್ತು, ಒತ್ತಿ ಹಿಡಿದ ನನ್ನ ಬೆರಳಿಗೆ ತೂಕ ತಿಳಿಯುವುದಿಲ್ಲ, ಎತ್ತಿದರೆ ತಿಳಿದೀತು, ಎತ್ತಲಾರೆ, ಬುಡ್ಲಾ, ಬಿಡಲಾರೆ, ಮಸಿಯ ಕೆಳಗೊಂದು ಊರು, ಬೆರಳಿನ ಕೆಳಗೆ ಕೆಂಪು ಗುಂಡು, ಅವನು ಬಳಿದ ಬಣ್ಣ, ಕೆಂಪು ಗುಂಡು, ಬೆರಳ ಕೆಳಗೆ, ಕೆಂಪು —