ಪೆಟ್ಟಿಗೆ ಬಿಚ್ಚುವವರೆಗೆ

ಕಬಕದಲ್ಲಿ ಬಸ್ಸಿಳಿದು ಪೋಕರ್ ಹಾಜಿಯವರ ಗೇಟು ತಳ್ಳುವಾಗ ರಮ್ಲತ್‌ಳಲ್ಲಿ ನಾಚಿಕೆ ಎಂಬುದು ಉಳಿದಿರಲಿಲ್ಲ. ಗಲ್ಫಿನಿಂದ ಬಂದವರ ಮನೆಗೆ ಕರೆಯದೆ ಹೋಗಿ, ಪೆಟ್ಟಿಗೆಯ ಹಗ್ಗ ಬಿಚ್ಚುವ ಮೊದಲೇ ತನಗೆ ಬಂದ ಕಟ್ಟು ಕೇಳುವುದು ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಪೆಟ್ಟಿಗೆ ಬಿಚ್ಚಬೇಕಾದರೆ ಮನೆಯ ಹೆಣ್ಣುಮಕ್ಕಳೆಲ್ಲ ಬಂದು ಸುತ್ತ ಕೂರಬೇಕು. ಒಬ್ಬಳು ಬರುವ ಮೊದಲೇ ಬಿಚ್ಚಿದರೆ, ಒಳ್ಳೆಯದನ್ನೆಲ್ಲ ಉಳಿದವರು ಎತ್ತಿಟ್ಟುಕೊಂಡರು ಎಂಬ ಮಾತು ಮುಂದಿನ ಪೆರ್ನಾಲ್ ಹಬ್ಬದ ತನಕವೂ ಸಾಯುವುದಿಲ್ಲ. ಹಾಜಿಯವರ ಮಗ ಸಾಹುಲ್ ಹಮೀದ್ ದಮಾಮಿನಿಂದ ಸೋಮವಾರವೇ ಬಂದಿದ್ದ. ಅವನ ಹಿರಿಯ ಅಕ್ಕ ಗುತ್ತಿಗಾರಿನಿಂದ ಬರುವುದು ಶುಕ್ರವಾರ. ಅಲ್ಲಿಯವರೆಗೆ ಪೆಟ್ಟಿಗೆಯನ್ನು ಯಾರೂ ಮುಟ್ಟುವ ಹಾಗಿಲ್ಲ.

ಆ ಪೆಟ್ಟಿಗೆಯೊಳಗೆ ರಮ್ಲತ್‌ಳ ಗಂಡ ಸಿದ್ದೀಕ್ ದಮಾಮಿನಿಂದ ಕಳಿಸಿದ ಒಂದು ಚಿಕ್ಕ ಬಾಟಲಿ ಇತ್ತು. ಹಸುಗೂಸಿನ ಹೊಟ್ಟೆಗೆ ಒಳ್ಳೆಯ ಬ್ಯಾಕ್ಟೀರಿಯಾ ಸೇರಿಸುವ ಹನಿಮದ್ದು. ಅದನ್ನು ಫ್ರಿಜ್ಜಿನಲ್ಲಿ ಇಡಬೇಕೆಂದು ಸಿದ್ದೀಕ್ ಫೋನಿನಲ್ಲಿ ಹೇಳಿದ್ದ. ಸಾಹುಲ್‌ನಿಗೂ ಹೇಳಿದ್ದನಂತೆ.

ತಣ್ಣಗಿಡಬೇಕಾದ ಮದ್ದನ್ನು ಬಿಸಿಯಲ್ಲಿ ಬಿಟ್ಟರೆ ಏನಾಗುತ್ತದೆ ಎಂದು ರಮ್ಲತ್‌ಗೆ ಯಾರೂ ಕಲಿಸಬೇಕಿರಲಿಲ್ಲ. ಅವಳ ಮಗಳು ಶಮ್ನಾಳಿಗೆ ನಾಲ್ಕನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದಿತ್ತು. ಹುಡುಗಿ ಬಿಂದಿಗೆಗಟ್ಟಲೆ ನೀರು ಕುಡಿಯುತ್ತಾಳೆ, ಹಾಸಿಗೆ ಒದ್ದೆ ಮಾಡುತ್ತಾಳೆ, ಮೈ ಇಳಿಯುತ್ತಿದೆ ಎಂದಾಗ ಎಲ್ಲರೂ ಹೊಟ್ಟೆಹುಳ ಅಂದಿದ್ದರು. ಹುಳದ ಮದ್ದು ಕೊಟ್ಟ ಮರುದಿನ ಅವಳು ಏದುಸಿರು ಬಿಡುತ್ತ ಎಚ್ಚರ ತಪ್ಪಿದಳು. ಮಂಗಳೂರಿನ ಐಸಿಯುವಿನಿಂದ ಜೀವ ಸಹಿತ ಹೊರಬಂದದ್ದೇ ಹೆಚ್ಚು. ಈಗ ಅವಳು ಎರಡನೇ ಕ್ಲಾಸು. ಊಟಕ್ಕೆ ಮುಂಚೆ ಬೆರಳು ಚುಚ್ಚಬೇಕು, ಹೊಟ್ಟೆಗೆ ಇನ್ಸುಲಿನ್ ಚುಚ್ಚಬೇಕು. ಕರೆಂಟು ಹೋದರೆ ಇನ್ಸುಲಿನ್ ಬಾಟಲಿಯನ್ನು ಒದ್ದೆ ಮರಳಿನ ಮಡಕೆಯಲ್ಲಿ ಇಡಬೇಕು. ಸೂಜಿಗೆ ಅಳುವುದನ್ನು ಹುಡುಗಿ ಬಿಟ್ಟೇ ಬಿಟ್ಟಿದ್ದಳು. ರಮ್ಲತ್‌ಗೆ ಅದನ್ನೇ ನೋಡಲಾಗುತ್ತಿರಲಿಲ್ಲ.

ಸೊಂಟದಲ್ಲಿದ್ದ ಮಗ ಮಿದ್‌ಲಾಜ್‌ಗೆ ನಾಲ್ಕು ತಿಂಗಳು. ಅವನದು ಆಪರೇಷನ್ ಹೆರಿಗೆ. ನಂತರ ಅವಳಿಗೆ ಜ್ವರ ಏರಿ, ಆ್ಯಂಟಿಬಯೋಟಿಕ್ ಮೇಲೆ ಆ್ಯಂಟಿಬಯೋಟಿಕ್ ಆಗಿ, ಎದೆಹಾಲು ಬತ್ತಿತು. ಮಗು ಡಬ್ಬಿ ಹಾಲಿಗೆ ಬಿತ್ತು. ಆಗಲೇ ಮೊಬೈಲಿನಲ್ಲಿ ಒಂದು ಮಲಯಾಳಂ ವೀಡಿಯೊ ಸಿಕ್ಕಿದ್ದು. ಕೋಟು ಹಾಕಿದ ಒಬ್ಬ ಮನುಷ್ಯ ಬೆರಳು ಮಡಚಿ ಎಣಿಸುತ್ತಿದ್ದ: ಕುಯ್ದು ಹುಟ್ಟಿದ ಮಕ್ಕಳು, ಆ್ಯಂಟಿಬಯೋಟಿಕ್ ಸೋಕಿದ ಮಕ್ಕಳು, ತಾಯಿಹಾಲಿಲ್ಲದೆ ದನದ ಹಾಲಿನ ಪುಡಿ ಕುಡಿದ ಮಕ್ಕಳು. ಇವರ ಕರುಳಿನಲ್ಲಿ ಕಾವಲು ಕಾಯುವ ಜೀವಾಣು ಇರುವುದಿಲ್ಲ, ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಇದ್ದರಂತೂ ಇವರಿಗೂ ಅದು ಬರುವುದೇ, ತಡೆಯಲು ಒಳ್ಳೆಯ ಬ್ಯಾಕ್ಟೀರಿಯಾದ ಹನಿ ಹಾಕಬೇಕು ಎಂದ. ಅವನು ಮಡಚಿದ ಒಂದೊಂದು ಬೆರಳೂ ಮಿದ್‌ಲಾಜ್‌ನೇ.

ಆ ದಿನವೇ ಅವಳು ಹನಿಮದ್ದು ಕಳಿಸಲು ಗಂಡನಿಗೆ ಹೇಳಿ, ಡಬ್ಬಿ ಹಾಲು ನಿಲ್ಲಿಸಿದಳು. ಹನಿಮದ್ದು ಬರುವವರೆಗೆ ಮಾತ್ರ ಅಂದುಕೊಂಡಳು. ಸಾಹುಲ್‌ನ ರಜೆ ಒಂದು ವಾರ ಮುಂದೆ ಹೋಯಿತು, ಮತ್ತೂ ಒಂದು ವಾರ ಹೋಯಿತು. ಅವಳು ಕುಚ್ಚಲಕ್ಕಿ ಗಂಜಿಯ ತಿಳಿ ಬಸಿದು, ಸೋಸಿ, ಬಾಟಲಿಗೆ ತುಂಬಿಸುತ್ತಿದ್ದಳು. ದೂರದಿಂದ ನೋಡಿದರೆ ಹಾಲಿನ ಹಾಗೆಯೇ ಕಾಣುತ್ತಿತ್ತು. ಅತ್ತೆ ಅಲೀಮಮ್ಮ ಮಗು ಸಪ್ಪಗಾಗಿದೆ ಎಂದು ಒಂದೆರಡು ಸಲ ಹೇಳಿದರು. ಸೆಕೆಗೆ ಹಾಗೆ ಎಂದು ಇವಳು ಬಾಯಿ ಮುಚ್ಚಿಸಿದಳು.

ಸಾಹುಲ್‌ನ ಉಮ್ಮ, ಹಾಜಿಯವರ ಹೆಂಡತಿ ಖತೀಜಮ್ಮ ಬಾಗಿಲಿಗೆ ಬಂದು, ಒಳಗೆ ಕರೆದು ಕೂರಿಸಿದರು. ಮಗ ಪೇಟೆಗೆ ಹೋಗಿದ್ದಾನೆ, ಬರುವ ಹೊತ್ತಾಯಿತು ಎಂದರು. ರಮ್ಲತ್ ನೇರ ವಿಷಯಕ್ಕೆ ಬಂದಳು. ಖತೀಜಮ್ಮ ನಕ್ಕರು.

“ನಿನ್ನ ಗಂಡನ ಮದ್ದಿಗೆ ಕಾಲು ಉಂಟಾ ರಮ್ಲ, ಓಡಿ ಹೋಗ್ಲಿಕ್ಕೆ? ಶುಕ್ರವಾರ ಬಾ. ಊಟ ಮಾಡಿಕೊಂಡೇ ಹೋಗು.”

“ಶುಕ್ರವಾರಕ್ಕೆ ಅದು ಹಾಳಾಗ್ತದೆ ಮಾಮಿ.”

“ದಮಾಮಿಂದ ಇಲ್ಲಿವರೆಗೆ ಹಾಳಾಗದ್ದು ಈಗ ಹಾಳಾಗ್ತದಾ? ನೀನು ಹೋಗ್ತಿ. ಗುತ್ತಿಗಾರಿನವಳಿಗೆ ಉತ್ತರ ಹೇಳುದು ನಾನು.”

ಅವರು ಚಹಾ ಮಾಡಲು ಒಳಗೆ ಹೋದರು. ಪೆಟ್ಟಿಗೆ ಪಡಸಾಲೆಯ ಮೂಲೆಯಲ್ಲಿತ್ತು. ಕಿಟಕಿಯ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ರಮ್ಲತ್ ಮಗುವನ್ನು ಚಾಪೆಯಲ್ಲಿ ಮಲಗಿಸಿದಳು. ಹಾಜಿಯವರ ಎಲೆಯಡಿಕೆ ತಟ್ಟೆಯಿಂದ ಚೂರಿ ತೆಗೆದು ಹಗ್ಗಕ್ಕೆ ಹಾಕಿದಳು. ನೈಲಾನ್ ಹಗ್ಗ ಸುಲಭದಲ್ಲಿ ತುಂಡಾಗಲಿಲ್ಲ. ಅವಳು ಕುಯ್ದಳು, ಎಳೆದಳು, ಉಗುರು ಕಿತ್ತು ಬಂದರೂ ಬಿಡಲಿಲ್ಲ. ಸೆಂಟು, ಸೋಪು, ಹಾಲಿನ ಪುಡಿ, ಯಾರದ್ದೋ ಚಪ್ಪಲಿ, ಬುರ್ಖಾದ ಬಟ್ಟೆ, ಎಲ್ಲವನ್ನೂ ನೆಲಕ್ಕೆ ಎಳೆದು ಹಾಕಿದಳು. ಬಾಟಲಿ ಅಡಿಯಲ್ಲಿ, ಒಂದು ಕಂಬಳಿಯ ಮಡಿಕೆಯೊಳಗೆ ಇತ್ತು. ಕೈಗೆ ಬೆಚ್ಚಗೆ ಹತ್ತಿತು, ಜ್ವರ ಬಂದವರ ಹಣೆಯ ಹಾಗೆ.

ಅವಳು ಅದನ್ನು ಹಿಡಿದು ಕುಕ್ಕರಿಸಿ ಕೂತಲ್ಲೇ ಕೂತಳು.

ಚಹಾದ ಲೋಟ ಹಿಡಿದು ಬಂದ ಖತೀಜಮ್ಮ ಮೊದಲು ಬಯ್ಯಲು ಬಾಯಿ ತೆರೆದರು. ಅದೇ ಹೊತ್ತಿಗೆ ಸಾಹುಲ್ ಹಮೀದನೂ ಒಳಗೆ ಬಂದ. ಹರಡಿದ ಸಾಮಾನು ನೋಡಿ ಅವನಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ತಾನು ಕೈಚೀಲದಲ್ಲಿ ಐಸ್ ಇಟ್ಟು ತರಲು ನೋಡಿದ್ದೆ, ವಿಮಾನದವರು ಬಿಡಲಿಲ್ಲ, ಬಂದ ಮೇಲೆ ತೆಗೆದಿಡಲು ಉಮ್ಮ ಬಿಡಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಖತೀಜಮ್ಮ ಅದ್ಯಾವುದನ್ನೂ ಕೇಳುತ್ತಿರಲಿಲ್ಲ. ಇಷ್ಟು ಗಲಾಟೆಯಾದರೂ ಚಾಪೆಯ ಮೇಲಿನ ಮಗು ಮಿಸುಕಿರಲಿಲ್ಲ. ಅವರು ಲೋಟ ಕೆಳಗಿಟ್ಟು ಮಗುವನ್ನು ಎತ್ತಿದರು. ಎತ್ತಿದವರು ಒಮ್ಮೆ ತೂಗಿ ನೋಡಿದರು.

“ಇದೆಂತ ರಮ್ಲ? ಮಗು ಇಷ್ಟು ಹಗುರ? ಬಾಯೆಲ್ಲ ಒಣಗಿ ಉಂಟಲ್ಲ.”

ರಮ್ಲತ್ ಮಗುವಿನ ಕೆನ್ನೆ ತಟ್ಟಿದಳು. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿತು. ಶಮ್ನಾ ಎಚ್ಚರ ತಪ್ಪಿದ ಬೆಳಗ್ಗೆಯೂ ಹೀಗೇ ಇತ್ತು. ಬಂದೇ ಬಿಟ್ಟಿತು ಅಂದುಕೊಂಡಳು. ಹನಿಮದ್ದಿಗೆ ಮೊದಲೇ ಕಾಯಿಲೆ ಬಂದುಬಿಟ್ಟಿತು.

ಸಾಹುಲ್ ಕಾರು ತೆಗೆದ. ಪುತ್ತೂರಿನಲ್ಲಿ ಮಕ್ಕಳ ಡಾಕ್ಟರ್ ಮುರಳಿಕೃಷ್ಣರ ಆಸ್ಪತ್ರೆಗೆ ಹೋಗುವವರೆಗೆ ಅವಳು ಒಂದೇ ಮಾತು ಹೇಳುತ್ತಿದ್ದಳು, ಇವನಿಗೂ ಸಕ್ಕರೆ, ಇವನಿಗೂ ಸಕ್ಕರೆ. ನರ್ಸಿಗೂ ಅದನ್ನೇ ಹೇಳಿದಳು. ನರ್ಸ್ ಮಗುವಿನ ಹಿಮ್ಮಡಿ ಚುಚ್ಚಿ ಹನಿ ರಕ್ತವನ್ನು ಯಂತ್ರದ ಪಟ್ಟಿಗೆ ತಾಗಿಸಿದಳು. ಆ ಯಂತ್ರ ರಮ್ಲತ್‌ಗೆ ತನ್ನ ಅಡಿಗೆಮನೆಯ ಸಾಮಾನಿನಷ್ಟು ಪರಿಚಯ. ಶಮ್ನಾಳದು ಮುನ್ನೂರು, ನಾನ್ನೂರು, ಕೆಲವೊಮ್ಮೆ ಲೆಕ್ಕಕ್ಕೇ ಸಿಗದಷ್ಟು. ಅವಳು ಕಣ್ಣು ಮುಚ್ಚಿ, ಮತ್ತೆ ತೆರೆದಳು.

ಮೂವತ್ತೆಂಟು.

ಮೊದಲು ಅವಳಿಗೆ ಖುಷಿಯಾಯಿತು. ದೇವರಾಣೆ ಖುಷಿಯೇ ಆಯಿತು. ಇಲ್ಲ, ಸಕ್ಕರೆ ಇಲ್ಲ ಎಂದು ಸಾಹುಲ್‌ನ ಕಡೆ ತಿರುಗಿ ನಕ್ಕೂ ಬಿಟ್ಟಳು. ಅಷ್ಟರಲ್ಲಿ ಡಾಕ್ಟರು, ರಕ್ತದ ಸಕ್ಕರೆ ತೀರಾ ಇಳಿದಿದೆ ಎನ್ನುತ್ತ ಓಡಿಬಂದು ಮಗುವಿನ ಕೈಯಲ್ಲಿ ನರ ಹುಡುಕತೊಡಗಿದ್ದರು. ಆ ಸಣ್ಣ ಕೈಯಲ್ಲಿ ನರವೇ ಸಿಗುತ್ತಿರಲಿಲ್ಲ. ಕಡೆಗೆ ತಲೆಯ ಬದಿಯಲ್ಲಿ ಸಿಕ್ಕಿತು. ಗ್ಲೂಕೋಸ್ ಹರಿಯತೊಡಗಿದ ಮೇಲೆ ಅವರು ಕೇಳಿದರು.

“ಮಗುವಿಗೆ ಎಂತ ಕೊಡ್ತಾ ಇದ್ದೀರಿ?”

“ಹಾಲು.”

“ಹಾಲು ಕುಡಿದ ಮಗು ಹೀಗೆ ಇರುದಿಲ್ಲಮ್ಮ.”

ಅವಳು ಗಂಜಿ ತಿಳಿ ಎಂದಳು. ಆಮೇಲೆ ಎಲ್ಲ ಹೇಳಿದಳು. ಶಮ್ನಾ, ವೀಡಿಯೊ, ಬೆರಳು ಮಡಚುವ ಮನುಷ್ಯ, ಬಾಟಲಿ. ಡಾಕ್ಟರು ಬಯ್ಯುತ್ತಾರೆ ಎಂದು ಕಾದಳು. ಅವರು ಸ್ಟೂಲು ಎಳೆದು ಕೂತರು. ಹೊಟ್ಟೆಯ ಬ್ಯಾಕ್ಟೀರಿಯಾದ ವಿಷಯ ಪೂರ್ತಿ ಸುಳ್ಳಲ್ಲ, ದೊಡ್ಡ ದೊಡ್ಡ ಕಡೆ ಅಧ್ಯಯನ ನಡೆಸುತ್ತಿದ್ದಾರೆ, ಆದರೆ ಹನಿ ಹಾಕಿ ಈ ಕಾಯಿಲೆ ತಡೆಯಬಹುದೆಂದು ಯಾರೂ ಇನ್ನೂ ತೋರಿಸಿಕೊಟ್ಟಿಲ್ಲ ಎಂದರು. ಇಂಥ ಮನೆಗಳ ಮಕ್ಕಳಿಗೆ ಹಾಲಿನ ಪುಡಿ ಬದಲಿಸಿ ವರ್ಷಗಟ್ಟಲೆ ಕಾದು ನೋಡಿದರೂ ವ್ಯತ್ಯಾಸ ಕಾಣಲಿಲ್ಲವಂತೆ.

“ಹಾಗಾದ್ರೆ ನಾನು ಎಂತ ಮಾಡ್ಬೇಕು?”

“ಹಾಲು ಕೊಡ್ಬೇಕು. ಡಬ್ಬಿದೇ.”

“ನಾಳೆ ಇವನಿಗೂ ಬಂದ್ರೆ?”

“ಬಂದ್ರೆ ಬರ್ತದೆ. ಬರ್ಲಿಕ್ಕಿಲ್ಲ ಅಂತ ನಾನು ಬರೆದು ಕೊಡುದಿಲ್ಲ. ಹೆಚ್ಚಿನವರ ತಮ್ಮ ತಂಗಿಯರಿಗೆ ಬರುದಿಲ್ಲ. ಇವತ್ತು ಇವನು ಸಾಯ್ತಿದ್ದದ್ದು ಅದರಿಂದ ಅಲ್ಲ.”

ಅವರು ಎದ್ದು ಹೋದರು.

ಸಂಜೆಯ ಹೊತ್ತಿಗೆ ಮಿದ್‌ಲಾಜ್ ಸಣ್ಣಗೆ ಅಳಲು ಶುರು ಮಾಡಿದ. ನರ್ಸ್ ಡಬ್ಬಿ, ಚಮಚ, ಕುದಿಸಿದ ನೀರು ತಂದಿಟ್ಟು, ಕಲಸಿ ಕೊಡಿ ಎಂದಳು. ಸಿದ್ದೀಕ್‌ನ ಫೋನು ಬಂತು. ಸಾಹುಲ್ ಹೇಳಿದ್ದಿರಬೇಕು. ಬೇರೆ ಬಾಟಲಿ ಕಳಿಸುತ್ತೇನೆ, ಈ ಸಲ ಯಾರಾದರೂ ಐಸಿನಲ್ಲಿಟ್ಟು ತರುವವರನ್ನು ಹುಡುಕುತ್ತೇನೆ ಎಂದ. ಅವಳು ಫೋನನ್ನು ಭುಜಕ್ಕೆ ಒತ್ತಿಕೊಂಡು ಪುಡಿ ಹಾಕುತ್ತಿದ್ದಳು. ಒಂದು ಚಮಚ ಮಂಚದ ಮೇಲೆ ಚೆಲ್ಲಿತು. ಒರೆಸಿ, ಇನ್ನೊಂದು ಹಾಕಿದಳು.

“ಕಳಿಸ್ಬೇಡಿ,” ಅಂದಳು. “ಈಗ ಫೋನು ಇಡಿ. ಇವನಿಗೆ ಹಸಿವಾಗ್ತಾ ಉಂಟು.”

ನಿಪ್ಪಲ್ಲು ತುಟಿಗೆ ತಾಗಿದ್ದೇ ಮಗು ಅದನ್ನು ಕಚ್ಚಿ ಹಿಡಿಯಿತು. ಅವಳು ಭಯಪಡುತ್ತಲೇ ಕುಡಿಸಿದಳು. ಬಾಟಲಿ ಖಾಲಿಯಾದರೂ ಅವನು ಬಿಡಲಿಲ್ಲ. ಇನ್ನೂ ಸ್ವಲ್ಪ ಕೊಡಬಹುದಾ ಎಂದು ಅವಳು ನರ್ಸನ್ನು ಕೇಳಿದಳು.