ಭಂಡಾರ ಮುಟ್ಟಿದ ಮಾತು

ನನ್ನ ಬಾಯಿ ಸುಮಾರಲ್ಲರಿ. ಘೋಡಗೇರ್ಯಾಗ ಯಾರನ್ನ ಕೇಳಿದ್ರೂ ಹೇಳ್ತಾರ, ಭರಮವ್ವನ ಬಾಯಿಗೆ ಅಂಜಿ ನಾಯಿನೂ ಹಾದಿ ಬಿಡತೈತಿ ಅಂತ. ಅದ ಬಾಯಿಂದ ನನ್ನ ತಮ್ಮನ್ನ ಕಳಕೊಂಡ್ನಿ.

ಸಿದ್ರಾಯ ನನಗಿಂತ ಆರು ವರ್ಷ ಸಣ್ಣಾಂವ. ಕುರಿ ಮಾರಿ ಹೊಲದ ಕೆಲಸ ಹಿಡದ ಮ್ಯಾಲೆ ಶೆರೆ ಕುಡಿಯೂ ಚಟಾ ಹಚ್ಚಿಗೊಂಡ. ಕಡೀಕ ಮುಂಜಾನೆ ಎದ್ದ ಕೂಡ್ಲೆ ಒಂದು ಪಾಕೀಟು ಹೊಟ್ಟಿಗೆ ಬೀಳದಿದ್ರ ಚಾದ ಕಪ್ಪು ಕೈಯಾಗ ನಿಲ್ತಿರಲಿಲ್ಲ.

ಗುರುವಾರ ನಮ್ಮೂರ ಆಶಾ ಕಾರ್ಯಕರ್ತೆ ವಿಜಯಲಕ್ಷ್ಮಿ ಮನಿಗೆ ಬಂದ್ಲು. "ಅಕ್ಕಾರ, ಸೋಮವಾರ ಹುಕ್ಕೇರಿ ದವಾಖಾನಿಗೆ ಕರಕೊಂಡು ಬರ್ರಿ. ಗುಳಿಗಿ ಕೊಟ್ಟು ಬಿಡಸ್ತಾರ. ಅಲ್ಲೀತನಕ ನೀವಾಗೇ ಬಿಡಸಾಕ ಹೋಗಬ್ಯಾಡ್ರಿ. ಇಷ್ಟು ಕುಡಿಯಾವ್ರು ಒಮ್ಮಿಲೆ ಬಿಟ್ರ ಜೀವಕ್ಕ ಅಪಾಯ ಐತಿ" ಅಂದ್ಲು.

ನಾ ನಕ್ಕಬಿಟ್ನಿ. "ಅಯ್ಯ ನಮ್ಮವ್ವಾ! ಕುಡದು ಸಾಯೂದು ಕೇಳೇನಿ, ಬಿಟ್ಟು ಸತ್ತವರು ಎಲ್ಲಿ ಅದಾರ? ನಮ್ಮ ಬೀರಪ್ಪನ ಭಂಡಾರದ ಮುಂದ ನಿನ್ನ ಗುಳಿಗಿ ಯಾವ ಲೆಕ್ಕ?"

ಶುಕ್ರವಾರ ಮುಂಜಾನೆ ಅವನ್ನ ಬೀರಪ್ಪನ ಗುಡಿಗೆ ಎಳಕೊಂಡು ಹೋದ್ನಿ. ಭಂಡಾರ ಅಂದ್ರ ದೇವರ ಅರಿಶಿಣ ಪುಡಿ. ಅದನ್ನ ಮುಟ್ಟಿ ಕೊಟ್ಟ ಮಾತು ನಮ್ಮ ಕುರುಬರಾಗ ಸತ್ರೂ ತಪ್ಪಂಗಿಲ್ಲ. "ಅಕ್ಕಾ, ಸೋಮವಾರತನಕ ತಡಿ" ಅಂದ. "ಗಂಡಸಾಗಿ ಹುಟ್ಟೀಯೋ ಇಲ್ಲೋ?" ಅಂತ ಮಂದಿ ಮುಂದ ಜರದ್ನಿ. ಇನ್ನ ಕುಡಿಯಂಗಿಲ್ಲ ಅಂತ ಭಂಡಾರ ಮುಟ್ಟಿದ.

ಶನಿವಾರ ಕೈಕಾಲು ನಡಗಾಕ ಹತ್ತಿದ್ವು, ಮೈಯೆಲ್ಲಾ ಬೆವರು. "ಅಕ್ಕಾ, ಆಣಿ ಬಿಡಸು. ಒಂದ ಗುಟುಕು" ಅಂತ ನನ್ನ ಕಾಲು ಹಿಡಕೊಂಡ. ಕಾಲು ಹಿಡದ್ನರಿ ನನ್ನ ತಮ್ಮ! ನಾ ಕೊಸರಿಕೊಂಡು ಹೊರಗ ಬಂದು ಚಿಲಕಾ ಹಾಕಿದ್ನಿ. ಬುದ್ಧಿ ಬರ್ಲಿ ಅಂತ.

ರವಿವಾರ ಮಧ್ಯಾಹ್ನ, ಗ್ವಾಡಿ ಮ್ಯಾಲೆ ಕುರಿ ಹತ್ತ್ಯಾವು, ಇಳಸ್ರಿ ಅಂತ ಹೊಯ್ಕೊಂಡ. ಮಾರಿ ನಾಕು ವರ್ಷ ಆದ ಕುರಿ! ಚಿಲಕಾ ತಗದು ಒಳಗ ಹೋಗೂದ್ರಾಗ ಮೈ ಸೆಟದು ಜಾಡಸಾಕ ಹತ್ತಿತು. ರವಿವಾರ ಅಂದ್ರ ಬೀರಪ್ಪನ ವಾರ. ದೇವರು ಮೈಯಾಗ ಬಂದಾನ ಅಂದ್ಕೊಂಡ್ವಿ. ಬಾಜೂ ಮನಿ ಯಲ್ಲವ್ವ ಊದಿನಕಡ್ಡಿ ಹಚ್ಚಿದ್ಲು. ನಾ ಅವನ ಹಣಿಗೆ ಭಂಡಾರ ಬಡದು, "ಏನ್ ತಪ್ಪಾಗೇತಿ ಹೇಳು ನಮ್ಮಪ್ಪಾ" ಅಂತ ಕೈಮುಗದು ಕುಂತ್ನಿ. ತಪ್ಪು ಮಾಡಿದಾಕಿ ನಾನ, ಕೇಳಾಕಿನೂ ನಾನ.

ವಿಜಯಲಕ್ಷ್ಮಿ ಸುದ್ದಿ ಕೇಳಿ ಓಡಿ ಬಂದು ನೂರಾ ಎಂಟರ ಗಾಡಿ ಕರಸೂದ್ರಾಗ ತಾಸು ಕಳದಿತ್ತು. ಹುಕ್ಕೇರಿ ಹಾದ್ಯಾಗ ಜೀವ ಹೋತು.

ಈಗ ವಿಜಯಲಕ್ಷ್ಮಿ ಜೋಡಿ ಮನಿಮನಿಗೆ ಹೋಗ್ತೇನಿ. ಯಾರರ ಆಣಿ ಮಾಡಸ್ತೇನಿ ಅಂದ್ರ, "ಮೊದಲ ದವಾಖಾನಿ, ಆಣಿ ಹಿಂದಾಗಡೆ" ಅಂತ ಬೈದು ಹೇಳ್ತೇನಿ.

"ಏನ ಅನ್ನು ಭರಮವ್ವಾ, ನಿನ್ನ ತಮ್ಮ ಕೊಟ್ಟ ಮಾತು ಮುರೀಲಿಲ್ಲ ನೋಡು" ಅಂತ ಮಂದಿ ಹೊಗಳ್ತಾರ.

ಖರೆ ಐತ್ರಿ, ಮುರೀಲಿಲ್ಲ. ಬಿಟ್ನೆಪ್ಪಾ ನಿನ್ನ ಆಣಿ ಅಂತ ಒಂದ ಮಾತು ನಾ ಅಂದಿದ್ರ, ಸೋಮವಾರ ನನ್ನ ಬಾಜೂಕ ಕುಂತು ಹುಕ್ಕೇರಿಗೆ ಬರ್ತಿದ್ದ.