ಕಿಟಕಿ ಪಕ್ಕದ ಕುರ್ಚಿ

"ಓರೆ ಮಾಡಿ, ಓರೆ ಮಾಡಿ! ಅಯ್ಯೋ, ಆ ಕಡೆಗಲ್ಲಪ್ಪಾ, ಈ ಕಡೆಗೆ!"

ಕುರ್ಚಿ ಹಿತ್ತಿಲ ಬಾಗಿಲಲ್ಲಿ ಸಿಕ್ಕಿಕೊಂಡು ಜಪ್ಪಯ್ಯ ಅಂದರೂ ಅಲುಗಾಡುತ್ತಿರಲಿಲ್ಲ. ಹೊರಗಿನಿಂದ ಹಿರಿಮಗ ನೂಕುತ್ತಿದ್ದರು, ಒಳಗಿನಿಂದ ಕಿರಿಮಗ ಎಳೆಯುತ್ತಿದ್ದ, ನಡುವೆ ನಿಂತ ಸೂಜಿಯಕ್ಕ, ಬೂಟಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು, ಇಬ್ಬರಿಗೂ ಅಪ್ಪಣೆ ಕೊಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ಅವರಿಬ್ಬರ ಅಮ್ಮ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಜೀವ ಇದ್ದಿದ್ದರೆ ಇಷ್ಟು ಹೊತ್ತಿಗೆ ಎದ್ದು ಬಂದು ಮೂವರಿಗೂ ಚೆನ್ನಾಗಿ ಬೈದು, ಕುರ್ಚಿಯನ್ನು ಒಂದೇ ಏಟಿಗೆ ತಿರುಗಿಸಿ ಒಳಗೆ ತಂದುಬಿಡುತ್ತಿದ್ದರು.

"ಈಗ್ಯಾಕಣ್ಣಾ ಇದು?" ಕಿರಿಮಗ ಬೆವರು ಒರೆಸಿಕೊಂಡ. "ವ್ಯಾನ್ ಬರೋ ಹೊತ್ತಾಯ್ತು. ಜನ ನಿಲ್ಲೋಕೇ ಜಾಗ ಇಲ್ಲ."

"ಅಮ್ಮ ಹೇಳಿದಾರೆ."

"ಏನಂತ ಹೇಳಿದಾರೆ?"

"ಒಳಗೆ ಇಡು ಅಂತ."

ಹಿರಿಯವರ ಮಾತು ಯಾವಾಗಲೂ ಅಷ್ಟೇ. ನಲವತ್ತು ದಾಟಿದ ಆಳು. ಒಂದು ಮಾತು ಹುಡುಕಿ ಹೊರಗೆ ತರುವುದಕ್ಕೆ ಅವರಿಗೆ ಬೇರೆಯವರಿಗಿಂತ ಹೆಚ್ಚು ಹೊತ್ತು ಬೇಕು. ತಂದ ಮೇಲೆ ಮಾತ್ರ ಅದನ್ನು ಯಾರು ಬಂದರೂ ಹಿಂದಕ್ಕೆ ಕಳಿಸಲಾಗದು. ಅಡುಗೆಮನೆಯ ಬಾಗಿಲಲ್ಲಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಸೊಸೆಗೆ, ಅಂದರೆ ಕಿರಿಮಗನ ಹೆಂಡತಿಗೆ, ಭಾವನ ಈ ಹಟ ಗೊತ್ತಿದ್ದದ್ದೇ. ಆದರೆ ಆ ಕುರ್ಚಿ ಕೊನೆಗೂ ದಡಕ್ಕನೆ ಒಳಗೆ ಬಂದಾಗ ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ತಟ್ಟೆಯ ಮೇಲಿನ ಲೋಟಗಳೆಲ್ಲ ಕಿಣಿಕಿಣಿ ಎಂದವು.

ಅವಳು ಮೂರು ತಿಂಗಳ ಬಸುರಿ. ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅತ್ತೆಗೂ ಹೇಳಿರಲಿಲ್ಲ. ಹೇಳಿದ್ದರೆ ಅತ್ತೆ ಮರುದಿನವೇ ಕಾರ್ಖಾನೆಗೆ ನುಗ್ಗಿ ಅವಳನ್ನು ಅಂಟಿನ ಕೋಣೆಯಿಂದ ಕೈಹಿಡಿದು ಎಳೆದುಕೊಂಡು ಬರುತ್ತಿದ್ದರು. ಅವರಿಗೆ ಪಿಸುಮಾತು ಅನ್ನುವುದೇ ಬರುತ್ತಿರಲಿಲ್ಲ. ಸೋಮವಾರ ಕೆಲಸ ಖಾಯಂ ಆಗುವವರು ಯಾರು ಅಂತ ಗೊತ್ತಾಗುವುದಿತ್ತು. ಅದೊಂದು ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೂಟಿನ ಸೋಲ್‌ಗೆ ಅಂಟು ಬಳಿಯುತ್ತಿದ್ದಳು. ಅಷ್ಟರಲ್ಲಿ ನಿನ್ನೆ ಮಧ್ಯಾಹ್ನ, ಒಂದು ಗಳಿಗೆ ಮಲಗ್ತೀನಿ ಅಂತ ಹೋದ ಅತ್ತೆ ಏಳಲೇ ಇಲ್ಲ.

ಭಾವ ಕುರ್ಚಿಯನ್ನು ಅತ್ತೆಯ ತಲೆದೆಸೆಯ ಕಿಟಕಿಯ ಪಕ್ಕ ಇಟ್ಟರು. ಕೈಗಳಿದ್ದ ಹಳೆಯ ಮರದ ಕುರ್ಚಿ. ಒಂದು ಕಾಲು ಮೊಂಡಾಗಿದ್ದರಿಂದ ಅದರಡಿಗೆ ಬೂಟಿನ ಸೋಲ್‌ನ ತುಂಡು ಹೊಡೆದಿತ್ತು. ಮನೆ ತುಂಬಿ ತುಳುಕುತ್ತಿತ್ತು, ಜನ ಗೋಡೆಗೆ ಒರಗಿ, ಕಿಟಕಿಗೆ ಜೋತು, ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಇದ್ದರು. ಆದರೂ ಆ ಕುರ್ಚಿಯ ಮೇಲೆ ಒಬ್ಬರೂ ಕೂರಲಿಲ್ಲ. ದೂರದಿಂದ ಬಂದಿದ್ದ ಅತ್ತೆಯ ಚಿಕ್ಕಪ್ಪ, ಪೋಸ್ಟ್‌ಮ್ಯಾನ್ ಆಗಿ ನಡೆದೂ ನಡೆದೂ ಮಂಡಿ ಸವೆಸಿಕೊಂಡಿದ್ದ ಅಜ್ಜ, "ಉಸ್ಸಪ್ಪಾ" ಅನ್ನುತ್ತಾ ಅದರ ಕೈ ಹಿಡಿದು ಬಗ್ಗಿದರು, ಅಷ್ಟೇ.

"ಅಜ್ಜಾ, ಬೇಡಾ!" ನಾಲ್ಕು ಕಡೆಯಿಂದ ಕೂಗು ಬಿತ್ತು.

ಅಜ್ಜ ಬೆಚ್ಚಿ ಹಾಗೇ ಅರ್ಧಕ್ಕೆ ನಿಂತರು. "ಯಾಕೆ, ಮುರಿದಿದ್ಯಾ?"

"ಮುರಿದಿಲ್ಲ. ಕೂತ್ರೆ ನಿಮಗೆ ಎಷ್ಟನೇ ತಿಂಗಳು ಅಂತ ಕೇಳ್ತಾರೆ!" ಎಂದಳು ಸೂಜಿಯಕ್ಕ.

ಸಾವಿನ ಮನೆ ಅನ್ನುವುದನ್ನೂ ಮರೆತು ಜನ ಗೊಳ್ಳೆಂದು ನಕ್ಕರು. ಅಜ್ಜನಿಗೆ ಬೇರೆ ಸ್ಟೂಲು ಬಂತು. ಸೂಜಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಅಳುತ್ತಲೋ ನಗುತ್ತಲೋ ಗೊತ್ತಾಗದ ಹಾಗೆ, ಅಜ್ಜನಿಗೆ ಬಿಡಿಸಿ ಹೇಳಿದಳು. ಅತ್ತೆ ಹೊಲಿಗೆ ವಿಭಾಗದ ಸೂಪರ್‌ವೈಸರ್ ಆದ ದಿನವೇ ಈ ಕುರ್ಚಿಯನ್ನು ಮನೆಯಿಂದ ಕಾರ್ಖಾನೆಗೆ ಹೊತ್ತು ತಂದು ಅಲ್ಲಿನ ಕಿಟಕಿ ಪಕ್ಕ ಇಟ್ಟರಂತೆ. ಅಂಟಿನ ಕೋಣೆಯಲ್ಲಿ ಯಾರಾದರೂ ಬಸುರಾದರೆ ಸಾಕು, "ನನಗೊಂದು ಕೈ ಕಡಿಮೆ ಬಿದ್ದಿದೆ, ಈ ಹುಡುಗೀನ ಕೊಡಿ" ಅಂತ ಕಿತ್ತುಕೊಂಡು ಬಂದು, ಅಲ್ಲಿ ಕೂರಿಸಿ, ಕಿಟಕಿ ತೆರೆದು, ಕೈಗೆ ಕತ್ತರಿ ಕೊಟ್ಟು ನೂಲು ಕತ್ತರಿಸುವ ಕೆಲಸಕ್ಕೆ ಹಚ್ಚುತ್ತಿದ್ದರಂತೆ. ಮಧ್ಯಾಹ್ನ ತಮ್ಮ ಡಬ್ಬಿಯಲ್ಲಿ ಅರ್ಧ ಅವಳಿಗೆ. ಬೇಡ ಅಂದರೆ, "ನಿನಗಲ್ಲ ಕಣೇ, ಒಳಗಿರೋರಿಗೆ."

"ಬಸುರಾಗದೆ ಇದ್ರೂ ಕೂರಿಸ್ತಿದ್ರು!" ಎಂದು ಹಿಂದಿನಿಂದ ದುಂಡಕ್ಕ ಕೂಗಿದಳು. ಆಫೀಸಿನಲ್ಲಿ ಸಂಬಳದ ಲೆಕ್ಕ ಬರೆಯುವವಳು, ಹೆಸರಿಗೆ ತಕ್ಕ ಹಾಗೆ ದುಂಡಗೆ. "ನನ್ನ ಕತೆ ಹೇಳ್ಲಾ? ಆಗ ತಾನೇ ಕೆಲಸಕ್ಕೆ ಸೇರಿದ್ದೆ. ಒಂದಿನ ಬಂದು ರಟ್ಟೆ ಹಿಡಿದು ಕೂರಿಸೇಬಿಟ್ರು. ನಾನು ಬರೀ ದಪ್ಪ ಇದೀನಿ ಅಂತ ಹೇಳೋಕೆ ಬಾಯಿ ಬಿಟ್ರೆ, ಬಾಯಿಗೆ ಬಾಳೆಹಣ್ಣು ತುರುಕಿದ್ರು!"

"ಆಮೇಲೆ?"

"ಆಮೇಲೇನು, ತಿಂಗಳುಗಟ್ಟಲೆ ಕೂತಿದ್ದೆ. ಗಾಳಿ, ಬೆಳಕು, ಹಣ್ಣು, ಹಾಲು! ಮದುವೇನೇ ಆಗಿಲ್ಲ ಅಂತ ಗೊತ್ತಾದ ದಿನ ಕುರ್ಚಿಯಿಂದ ಎಬ್ಬಿಸಿ, ಬಿದ್ದು ಬಿದ್ದು ನಕ್ಕು, 'ಹೋಗೇ ಕಳ್ಳಿ, ಮುಂದಿನ ಸಲಕ್ಕೆ ಮುಂಗಡ ಅಂತ ಇಟ್ಕೋ' ಅಂದ್ರು." ದುಂಡಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಮಗಳು ಹೊಟ್ಟೇಲಿದ್ದಾಗ ಅವರೇ ಕರ್ಕೊಂಡು ಹೋಗಿ ಕೂರಿಸಿದ್ರು."

"ಆ ಮಗಳು ನಾನೇ," ಎಂದು ನರ್ಸ್ ಉಡುಪಿನಲ್ಲಿದ್ದ ಹುಡುಗಿ ಕೈ ಎತ್ತಿದಳು.

"ನಾನೂ ಆ ಕುರ್ಚೀಲಿ ಕೂತಿದ್ದೆ!" ಎಂದ ಮೀಸೆಯ ಲಾರಿ ಡ್ರೈವರ್.

"ನೀನೆಲ್ಲೋ ಕೂತಿದ್ದೆ? ನಿಮ್ಮಮ್ಮ ಕೂತಿದ್ದು."

"ಆವಾಗ ನಾನೆಲ್ಲಿದ್ದೆ ಮತ್ತೆ? ಹೊರಗೆ ಕಾಯ್ತಾ ಇದ್ನಾ?"

ಮತ್ತೆ ನಗು. ಸೊಸೆ ಲೋಟಗಳ ತಟ್ಟೆಯನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡು ಜನರ ನಡುವೆ ನುಸುಳಿದಳು. ಎಲ್ಲರೂ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಯಾರೂ ನೋಡುತ್ತಿರಲಿಲ್ಲ.

*

ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ಅವಳೇ ಕೇಳಿದ್ದಳು, ಭಾವನಿಗೆ ಮಾತು ಯಾಕೆ ನಿಧಾನ ಅಂತ. ಅತ್ತೆ ಕತ್ತರಿ ಮಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಇವನು ಹೊಟ್ಟೇಲಿದ್ದಾಗ ನಾನು ಅಂಟಿನ ಕೋಣೇಲಿದ್ದೆ. ಧೂಳು ಬಂದ್ರೆ ಅಂಟು ಹಿಡಿಯಲ್ಲ ಅಂತ ಕಿಟಕಿಗೆ ಮೊಳೆ ಹೊಡೆದಿದ್ರು. ದಿನಾ ತಲೆ ಗಿರ್ ಅನ್ನೋದು. ಊಟ ಸೇರ್ತಿರಲಿಲ್ಲ. ಎಲ್ಲಾ ಬಸುರೀರಿಗೂ ಹಾಗೇ ಅಂದ್ಕೊಂಡೆ. ಇವನು ದಿನ ತುಂಬೋ ಮೊದಲೇ ಹುಟ್ಟಿದ. ಬೂಟಿನ ಡಬ್ಬದಲ್ಲಿ ಮಲಗಿಸಬಹುದಾಗಿತ್ತು, ಅಷ್ಟೇ ಇದ್ದ. ನಡೆದಿದ್ದು ತಡ, ಮಾತಾಡಿದ್ದು ಇನ್ನೂ ತಡ. ಜನ ಸುಮ್ನಿರ್ತಾರಾ? ಇವಳು ಅದು ತಿಂದ್ಲು, ಇದು ನೋಡಿದ್ಲು, ಇವಳದ್ದೇ ತಪ್ಪು ಅಂತ ಬಾಯಿಗೆ ಬಂದ ಹಾಗೆ ಅಂದ್ರು."

"ಡಾಕ್ಟ್ರು ಏನಂದ್ರು ಅತ್ತೆ?"

"ತಾಯಿ ಉಸಿರಾಡೋ ಗಾಳಿ ಮಗೂಗೂ ಮುಟ್ಟುತ್ತಮ್ಮ ಅಂದ್ರು. ಅಂಟಿನ ವಾಸನೆ ಇರಬಹುದು, ಊಟ ಸಾಲದ್ದೂ ಇರಬಹುದು, ಎರಡೂ ಸೇರಿರಬಹುದು, ಬೇರೆ ಏನೋ ಕಾರಣವೂ ಇರಬಹುದು, ಇದೇ ಅಂತ ಹೇಳೋಕಾಗಲ್ಲ, ಆದ್ರೆ ನಿನ್ನ ತಪ್ಪಂತೂ ಅಲ್ಲ ಅಂದ್ರು. ಆ ಮಾತು ಕೇಳಿ ಅಲ್ಲೇ ಕೂತು ಗೊಳೋ ಅಂತ ಅತ್ತುಬಿಟ್ಟೆ." ಅತ್ತೆ ಕತ್ತರಿಯ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. "ಇವನನ್ನ ಬದಲಾಯಿಸಿ ಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ಪೊರಕೆ ತಗೋತೀನಿ. ಇವನು ನನ್ನ ಚಿನ್ನ. ಆದರೆ ಇವನು ಪಟ್ಟ ಪಾಡು ಇನ್ನೊಂದು ಮಗು ಯಾಕೆ ಪಡಬೇಕು? ಒಂದು ಕುರ್ಚಿ, ಒಂದು ಕಿಟಕಿ. ಅಷ್ಟು ಮಾಡೋಕೆ ಏನು ರೋಗ?"

ಅತ್ತೆ ಮಾತ್ರ ಆ ಕುರ್ಚಿಯ ಮೇಲೆ ಯಾವತ್ತೂ ಕೂತವರಲ್ಲ. ಅವರು ಎಲ್ಲೂ ಕೂತವರೇ ಅಲ್ಲ ಅನ್ನಿ. ಊಟವನ್ನೂ ನಿಂತೇ ಮುಗಿಸುತ್ತಿದ್ದರು.

*

"ಮ್ಯಾನೇಜರ್ ಬಂದ್ರು! ದಾರಿ ಬಿಡಿ!"

ಒಂದು ಕ್ಷಣದಲ್ಲಿ ಗದ್ದಲ ನಿಂತಿತು. ಹೊಸ ಮ್ಯಾನೇಜರ್ ದೊಡ್ಡ ಹೂವಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು, ಅದನ್ನು ಎಲ್ಲಿಡಬೇಕೆಂದು ಗೊತ್ತಾಗದೆ ನಿಂತ. ವಯಸ್ಸು ಚಿಕ್ಕದು, ಮಾತು ಮೆತ್ತಗೆ.

"ನಾನು ಬರೋ ಹೊತ್ತಿಗೆ ಅವರು ನಿವೃತ್ತರಾಗಿದ್ರು," ಎಂದ ಅವನು. "ಆದ್ರೆ ದಿನಾ ಅವರ ಮಾತು ಕೇಳ್ತಾನೇ ಇರ್ತೀನಿ." ಅಷ್ಟರಲ್ಲಿ ಅವನ ಕಣ್ಣು ಕಿಟಕಿಯ ಕಡೆಗೆ ಹೋಯಿತು. "ಇದು... ಅದೇ ಕುರ್ಚಿ ಅಲ್ವಾ?"

"ಅದೇ ಸಾರ್," ಸೂಜಿಯಕ್ಕನ ದನಿ ಮೊನಚಾಗಿತ್ತು. "ನಿಮ್ಮ ದಾರಿಗೆ ಅಡ್ಡ ಬಂದಿತ್ತಲ್ಲ, ಅದೇ."

ಅವನ ಮುಖ ಕೆಂಪಾಯಿತು. "ಬೆಂಕಿ ಬಿದ್ರೆ ಜನ ಓಡೋ ದಾರಿ ಅದು, ಏನೂ ಇಡಬಾರದು ಅಂತ ನಿಯಮ. ಆದ್ರೂ ನಾನು ಎಲ್ಲರ ಮುಂದೆ ಕೇಳಿದ್ನಲ್ಲಮ್ಮ, ಈಗ ಇದು ಯಾರಿಗಾದ್ರೂ ಬೇಕಾ ಅಂತ. ಒಬ್ಬರೂ ಕೈ ಎತ್ತಲಿಲ್ಲ. ಎತ್ತಿದ್ರೆ ತೆಗೆಸ್ತಿರಲಿಲ್ಲ."

ನಿಜ. ಕೇಳಿದ್ದ. ಕಳೆದ ತಿಂಗಳು, ಎಲ್ಲ ವಿಭಾಗದವರನ್ನೂ ಅಂಗಳದಲ್ಲಿ ನಿಲ್ಲಿಸಿಕೊಂಡು ಕೇಳಿದ್ದ. ಸೊಸೆ ಹಿಂದಿನ ಸಾಲಿನಲ್ಲಿ ನಿಂತು ತುಟಿ ಪಿಟಕ್ಕೆನ್ನದೆ ಚಪ್ಪಲಿ ನೋಡಿಕೊಂಡಿದ್ದಳು. ಕೈ ಎತ್ತಿದರೆ ಖಾಯಂ ಕೆಲಸಕ್ಕೆ ಕೈ ತೊಳೆದುಕೊಂಡ ಹಾಗೇ ಅಂತ ಅವಳಿಗೆ ಗೊತ್ತಿತ್ತು. ಬಸುರಿಯನ್ನು ಖಾಯಂ ಮಾಡಿದ್ದನ್ನು ಆ ಕಾರ್ಖಾನೆಯಲ್ಲಿ ಯಾರೂ ಕಂಡಿರಲಿಲ್ಲ.

*

ಅವತ್ತು ಸಂಜೆ ಭಾವ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದಿದ್ದರು. ಅತ್ತೆ ಬಾಗಿಲಲ್ಲೇ ನಿಂತು, ತವರಿಗೆ ಬಂದ ಮಗಳನ್ನು ಕೇಳುವ ಹಾಗೆ, "ಬಂದ್ಯಾ?" ಎಂದು ಕುರ್ಚಿಯನ್ನೇ ಕೇಳಿದರು. ಆಮೇಲೆ ಊಟಕ್ಕೆ ಕೂತಾಗ ಸೊಸೆ ತಟ್ಟೆಯನ್ನು ಹಾಗೇ ಸರಿಸಿದಳು.

"ಯಾಕೇ, ಸೇರ್ತಿಲ್ವಾ?"

"ತಲೆನೋವು ಅತ್ತೆ. ಅಂಟಿನ ವಾಸನೆ."

ಅತ್ತೆ ಅವಳನ್ನೇ ದಿಟ್ಟಿಸಿ ನೋಡಿದರು. ಈಗ ಗುಡುಗುತ್ತಾರೆ, ಈಗ ಸಿಕ್ಕಿಬಿದ್ದೆ ಅಂತ ಸೊಸೆ ತಲೆ ತಗ್ಗಿಸಿದಳು. ಅತ್ತೆ ಏನೂ ಅನ್ನಲಿಲ್ಲ. ಒಳಗೆ ಹೋಗಿ ಒಂದು ಲೋಟ ಹಾಲು ತಂದಿಟ್ಟು, ಹಿತ್ತಿಲಿಗೆ ನಡೆದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಟಕ್ ಟಕ್ ಎಂದು ಮೊಳೆ ಹೊಡೆಯುವ ಸದ್ದು ಕೇಳಿತ್ತು. ಏನು ರಿಪೇರಿಯೋ ಎಂದುಕೊಂಡು ಅವಳು ಮಲಗಿದ್ದಳು.

*

ಈಗ ಭಾವ ಹೆಗಲ ಮೇಲಿನ ಟವೆಲ್ ತೆಗೆದು ಕುರ್ಚಿಯ ಕೂರುವ ಜಾಗವನ್ನು ಒರೆಸುತ್ತಿದ್ದರು. ಕೈಗಳನ್ನು ಒರೆಸಿದರು. ಬಗ್ಗಿ ಕಾಲುಗಳನ್ನೂ ಒರೆಸಿದರು. ಆಗ ಸೊಸೆಗೆ ಕಂಡಿತು. ಮೊಂಡು ಕಾಲಿನಡಿಯ ಸೋಲ್‌ನ ತುಂಡು ಹೊಚ್ಚ ಹೊಸದು. ಮೊಳೆಗಳು ಇನ್ನೂ ಮಿಂಚುತ್ತಿದ್ದವು.

ಭಾವ ನೆಟ್ಟಗೆ ನಿಂತು ಅವಳನ್ನು ನೋಡಿದರು. ಮಾತು ಹುಡುಕುತ್ತಿದ್ದರು.

"ಅಮ್ಮ ಹೇಳಿದಾರೆ," ಎಂದರು ಕೊನೆಗೆ. "ಒರೆಸಿ ಇಡು. ನಮ್ಮನೆಗೇ ಬೇಕು. ಅವಳೇ ಬಂದು ಕೂರ್ತಾಳೆ. ನೀನೇನೂ ಕೇಳಬೇಡ ಅಂದ್ರು."

ಅಯ್ಯೋ! ಗೊತ್ತಿತ್ತು. ಅತ್ತೆಗೆ ಗೊತ್ತಿತ್ತು! ಜೀವಮಾನವಿಡೀ ಬಾಯಿಗೆ ಬೀಗ ಹಾಕಿ ಗೊತ್ತಿಲ್ಲದ ಹೆಂಗಸು, ಇದೊಂದಕ್ಕೆ ಬಾಯಿ ಮುಚ್ಚಿಕೊಂಡು ತಾನಾಗಿ ಬರಲಿ ಅಂತ ಕಾದಿದ್ದರು. ಸೊಸೆಗೆ ಒಟ್ಟಿಗೇ ಅಳುವೂ ನಗುವೂ ಉಕ್ಕಿ ಬಂದವು. ಗಂಡನ ಕಡೆ ನೋಡಿದಳು. ಅವನು ಪಕ್ಕಕ್ಕೆ ಬಂದು ಅವಳ ಕೈಯಿಂದ ತಟ್ಟೆ ತೆಗೆದುಕೊಂಡ. "ನಿನ್ನಿಷ್ಟ ಕಣೇ," ಎಂದ ಮೆಲ್ಲಗೆ. "ಏನಾದ್ರೂ ಆಗಲಿ, ನಾನಿದೀನಿ."

ಮ್ಯಾನೇಜರ್ ಅಲ್ಲೇ ಇದ್ದ. ಸೋಮವಾರ ಎದುರಿಗೇ ಇತ್ತು. ಸೊಸೆ ನಡೆದುಕೊಂಡು ಹೋಗಿ, ಅತ್ತೆಯ ಮುಖವನ್ನೊಮ್ಮೆ ನೋಡಿ, ಕುರ್ಚಿಯ ಮೇಲೆ ಕೂತುಬಿಟ್ಟಳು. ಕುರ್ಚಿ ಒಂದಿಷ್ಟೂ ಅಲುಗಲಿಲ್ಲ.

ಮೊದಲು ಅಜ್ಜನಿಗೇ ಅರ್ಥವಾಯಿತು. "ಎಷ್ಟನೇ ತಿಂಗಳಮ್ಮಾ?"

"ಮೂರು, ಅಜ್ಜಾ."

ಮನೆ ಸಿಡಿಯಿತು ಅನ್ನಬೇಕು. ಸೂಜಿಯಕ್ಕ "ಅಯ್ಯೋ ನನ್ನ ಬಂಗಾರಾ!" ಎಂದು ಕಿರುಚಿ ಅವಳ ಕೆನ್ನೆ ಹಿಡಿದಳು, ದುಂಡಕ್ಕ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು, ಲಾರಿ ಡ್ರೈವರ್ ಯಾರನ್ನೋ ತಬ್ಬಿಕೊಂಡ, ನರ್ಸ್ ಹುಡುಗಿ "ಯಾರಿಗೆ ತೋರಿಸಿದ್ರಿ? ರಕ್ತ ಪರೀಕ್ಷೆ ಆಯ್ತಾ? ಇನ್ನೂ ಅಂಟಿನ ಕೋಣೇಲೇ ಇದೀರಾ?" ಎಂದು ಒಂದೇ ಉಸಿರಿಗೆ ಕೇಳಿದಳು.

"ಇನ್ನು ಇರಲ್ಲ," ಎಂದಳು ಸೊಸೆ. ಮ್ಯಾನೇಜರ್‌ನ ಕಡೆ ತಿರುಗಿದಳು. "ಅವತ್ತು ಕೈ ಎತ್ತಬೇಕಾಗಿತ್ತು ಸಾರ್. ಹೆದರಿದ್ದೆ. ಈಗ ಎತ್ತಿದೀನಿ ಅಂದ್ಕೊಳ್ಳಿ. ಕುರ್ಚಿ ಬೇಕು. ಕೆಲಸಾನೂ ಬೇಕು."

ಅವನು ಹೂವಿನ ಚಕ್ರದ ಮೇಲಿಂದ ಅವಳನ್ನೂ, ಅವಳ ಸುತ್ತ ಕೋಟೆಯ ಹಾಗೆ ಬಂದು ನಿಂತ ಹೆಂಗಸರನ್ನೂ ನೋಡಿದ. "ಕಿಟಕಿ ಇನ್ನೊಂದು ಕಡೆಗೂ ಇದೆ," ಎಂದ. "ಅಲ್ಲಿ ದಾರಿಗೆ ಅಡ್ಡ ಆಗಲ್ಲ. ಕುರ್ಚಿ ತಂದುಬಿಡಿ. ಆ ಇನ್ನೊಂದು ವಿಷಯ..."

"ಆ ಇನ್ನೊಂದು ವಿಷಯ ಮಾತಾಡೋಕೆ ಸೋಮವಾರ ನಾವೆಲ್ಲ ಒಟ್ಟಿಗೇ ಬರ್ತೀವಿ ಸಾರ್," ಎಂದಳು ಸೂಜಿಯಕ್ಕ.

ಹೊರಗೆ ವ್ಯಾನ್ ಬಂದು ನಿಂತಿತು. ಗಂಡ, ಲಾರಿ ಡ್ರೈವರ್, ಇನ್ನಿಬ್ಬರು ಮುಂದೆ ಬಂದು ಅತ್ತೆ ಮಲಗಿದ್ದ ಹಲಗೆಗೆ ಕೈ ಹಾಕಿದರು. ಅಜ್ಜ ಸ್ಟೂಲಿನಿಂದ ಎದ್ದರು, ಹೊಸ್ತಿಲ ಮೇಲಿದ್ದವರು ಎದ್ದರು, ಒರಗಿದ್ದವರು ನೆಟ್ಟಗಾದರು. ಸೊಸೆಗೂ ತಡೆಯಲಾಗಲಿಲ್ಲ. ಕುರ್ಚಿಯ ಕೈಗಳನ್ನು ಒತ್ತಿ ಏಳಲು ಹೋದಳು.

"ಕೂತ್ಕೋ!"

ಇಡೀ ಮನೆ ಒಂದೇ ಗಂಟಲಲ್ಲಿ ಕೂಗಿತ್ತು, ಥೇಟ್ ಅತ್ತೆ ಕೂಗುವ ಹಾಗೆ. ಮ್ಯಾನೇಜರ್ ಕೂಡ ಹೂವಿನ ಚಕ್ರವನ್ನು ಒಂದು ಕೈಗೆ ಬದಲಾಯಿಸಿ, ಇನ್ನೊಂದು ಕೈಯನ್ನು ಗಾಬರಿಯಿಂದ ಆಡಿಸುತ್ತಾ, "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅನ್ನುತ್ತಿದ್ದ.

ಅವಳು ಕೂತಳು. ಭಾವ ಅವಳ ಪಕ್ಕಕ್ಕೆ ಬಂದು ಕಿಟಕಿಯ ಎರಡೂ ಬಾಗಿಲುಗಳನ್ನು ಪೂರಾ ತೆರೆದರು. ಆಮೇಲೆ ಹೋಗಿ ಹಲಗೆಯ ಮುಂದಿನ ತುದಿಯನ್ನು ಹೆಗಲಿಗೆ ತಂದುಕೊಂಡರು. ಎಲ್ಲರೂ ನಿಂತಿದ್ದ ಆ ಮನೆಯಿಂದ ಅತ್ತೆ ಮಲಗಿಕೊಂಡು ಹೊರಟರು. ಸೊಸೆ ಕೂತಲ್ಲಿಂದಲೇ ಕೈ ಚಾಚಿ ಬಿಳಿ ಬಟ್ಟೆಯ ಅಂಚನ್ನು ಹಿಡಿದಳು, ಅದು ಬೆರಳುಗಳಿಂದ ಜಾರಿ ಬಾಗಿಲು ದಾಟುವವರೆಗೂ. ಕಿಟಕಿಯಿಂದ ಗಾಳಿ ಬೀಸುತ್ತಲೇ ಇತ್ತು.